ಹಾಡು ಹೋಗುವ ಹಾದಿ: ಮನೆಯ ಧ್ವನಿಮುದ್ರಣಕ್ಕೆ ಸಲಕರಣೆಗಳ ಆಯ್ಕೆ

ಭೀಮಾ ಮತ್ತು ಕೃಷ್ಣಾ ನದಿಗಳ ಆಸರೆಯಲ್ಲಿ ಹರಡಿಕೊಂಡಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಹಾಡಿನ ಸಂಪತ್ತಿನಲ್ಲಿ ಕರ್ನಾಟಕದ ಬೇರೆ ಯಾವ ಸೀಮೆಗೂ ಕಡಿಮೆಯದಲ್ಲ. ದೇವರ ದಾಸಿಮಯ್ಯನ ಮುದನೂರು, ಮೌನೇಶ್ವರನ ತಿಂಥಣಿ, ಬಸವಣ್ಣನ ಹೆಸರಿನೊಡನೆಯೇ ಉಚ್ಚರಿಸಲ್ಪಡುವ ಕೊಡೇಕಲ್ಲು ಈ ನೆಲದವು. ನೆರೆಯ ಕಲಬುರಗಿ ಜಿಲ್ಲೆಯ ಕಡಕೋಳದಲ್ಲಿ ನೆಲೆಸಿದ್ದ ಮಡಿವಾಳಪ್ಪನ ತತ್ತ್ವಪದಗಳು ಜಿಲ್ಲೆಯ ಎಲ್ಲೆಯನ್ನು ಲಕ್ಷಿಸದೆ ಇಲ್ಲಿಯ ಭಜನಾ ಮಂಡಳಿಗಳ ಕಂಠಸ್ಥ ಸೊತ್ತಾಗಿವೆ. ಏಕತಾರಿಯ ನಾದದಲ್ಲಿ, ದಮ್ಮಡಿಯ ಗತಿಯಲ್ಲಿ ರಾತ್ರಿಯಿಡೀ ನಡೆಯುವ ಭಜನೆ, ಮೊಹರಮಿನ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ, ಮದುವೆಯ ಮನೆಯ ಸೋಬಾನೆ, ಬೀಸುವ ಕಲ್ಲು ಮೂಲೆ ಸೇರಿದ ಮೇಲೆಯೂ ಹಿರಿಯ ಹೆಂಗಸರ ನೆನಪಿನಲ್ಲಿ ಉಳಿದಿರುವ ಬೀಸುವ ಪದ, ಇವೆಲ್ಲ ಇನ್ನೂ ಕೇಳಬರುತ್ತಿರುವುದು ನಮ್ಮ ಭಾಗ್ಯ. ತೆಲಂಗಾಣದ ಗಡಿಯತ್ತ ಸರಿದಿರುವ ಕೊಂಕಲ್ ಹೋಬಳಿಯಂಥ ಕಡೆ ಒಬ್ಬ ಹಿರಿಯ ಹಾಡುಗಾರ ತೀರಿಕೊಂಡರೆ, ಅವರೊಡನೆ ಪದದ ಧಾಟಿ, ಉಸಿರಿನ ನಿಲುಗಡೆ, ಸ್ವರವನ್ನು ಮೆಲ್ಲನೆ ಎಳೆದು ಇಳಿಸುವ ಬಗೆ ಇವೆಲ್ಲವೂ ಹೊರಟುಹೋಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ತತ್ತ್ವಪದಗಳ ಸಂಪುಟಗಳನ್ನು ಹೊರತಂದು ಅವುಗಳ ಪಾಠವನ್ನು ಕಾಪಾಡಿರುವುದು ಸ್ತುತ್ಯವಾದ ಕಾರ್ಯ. ಆದರೆ ಅಚ್ಚಿನ ಅಕ್ಷರವು ಧಾಟಿಯನ್ನು ಹೊರಲಾರದು. ಆ ಹೊಣೆಯನ್ನು ಧ್ವನಿಮುದ್ರಣವೊಂದೇ ಹೊರಬಲ್ಲುದು.

ಈ ಹೊಣೆಯನ್ನು ಹೊರಲು ಇಂದಿನ ತರುಣರು ಸಿದ್ಧರಾಗಿದ್ದಾರೆ ಎಂಬುದು ಸಂತೋಷದ ಸಂಗತಿ. ಮನೆಯ ಒಂದು ಕೋಣೆಯಲ್ಲಿಯೇ ಚಿಕ್ಕದೊಂದು ಸ್ಟುಡಿಯೊ ಮಾಡಿಕೊಳ್ಳಬೇಕೆಂಬ ಆಸೆ ಹಲವರಿಗಿದೆ. ಹಾಗೆ ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬುದು. ಎರಡನೆಯದು, ಯಾವ ಕಂಪನಿಯ ಮೈಕು ಕೊಳ್ಳಬೇಕು ಎಂಬುದು. ಎರಡೂ ನ್ಯಾಯವಾದ ಪ್ರಶ್ನೆಗಳೇ, ಆದರೆ ಅವು ಸರಣಿಯ ಕೊನೆಯಿಂದ ಆರಂಭವಾಗುತ್ತವೆ. ಹಾಡು ಕಂಠದಿಂದ ಹೊರಟು ಮೊದಲು ಕೋಣೆಯ ಗಾಳಿಯನ್ನು, ಅನಂತರ ಮೈಕನ್ನು, ಆಮೇಲೆ ಇಂಟರ್‌ಫೇಸ್ ಎಂಬ ಪೆಟ್ಟಿಗೆಯನ್ನು, ಅಲ್ಲಿಂದ ಕಂಪ್ಯೂಟರನ್ನು ಸೇರಿ, ಕಟ್ಟಕಡೆಗೆ ಕೇಳುಗನ ಕಿವಿಗೆ ಮರಳುತ್ತದೆ. ಹಳ್ಳದ ನೀರು ಮೂಲದಲ್ಲಿಯೇ ಬಗ್ಗಡವಾದರೆ ಕೆಳಗಿನ ಊರಿನಲ್ಲಿ ಎಷ್ಟು ಸೋಸಿದರೂ ಅದರ ಸಹಜವಾದ ತಿಳಿ ಮರಳುವುದಿಲ್ಲ. ಧ್ವನಿಯ ವಿಷಯವೂ ಹಾಗೆಯೇ. ಆದುದರಿಂದ ಆಯ್ಕೆಯ ಕ್ರಮವು ಹಾಡು ಹೋಗುವ ಹಾದಿಯ ಕ್ರಮವನ್ನೇ ಅನುಸರಿಸತಕ್ಕದ್ದು, ಹಣವನ್ನೂ ಗಮನವನ್ನೂ ಮೊದಲ ಮೆಟ್ಟಿಲುಗಳಲ್ಲಿ ಹೆಚ್ಚಾಗಿ ವ್ಯಯಿಸತಕ್ಕದ್ದು ಎಂಬುದು ಈ ಲೇಖನದ ಪ್ರತಿಪಾದನೆ.

ಮನೆಯೊಳಗಿನ ಪೂರ್ವಜರು

ಭಾರತದಲ್ಲಿ ಗಾನಮುದ್ರಣದ ಕೆಲಸ ದೊಡ್ಡ ರೀತಿಯಲ್ಲಿ ಮೊದಲಾದುದು 1902ರಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಕಂಠವನ್ನು ತಟ್ಟೆಗಿಳಿಸಿದಾಗ. ಆ ಕಾಲಕ್ಕೆ ವಿದ್ಯುತ್ ಮೈಕು ಇರಲಿಲ್ಲ. ಗಾಯಕಿಯು ಲೋಹದ ಕಹಳೆಯೊಂದರ ಬಾಯಿಗೆ ಎತ್ತರದ ಧ್ವನಿಯಲ್ಲಿ ಹಾಡಬೇಕಾಗಿತ್ತು, ತಟ್ಟೆಯ ಅಳತೆಗೆ ತಕ್ಕಂತೆ ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕಾಗಿತ್ತು. ವಿಸ್ತಾರವೇ ಪ್ರಾಣವಾದ ಸಂಗೀತವು ಯಂತ್ರದ ಅನುಕೂಲಕ್ಕಾಗಿ ತನ್ನ ದೇಹವನ್ನು ಸಂಕೋಚಗೊಳಿಸಿಕೊಂಡ ಮೊದಲ ಪ್ರಸಂಗ ಅದು. ಮುಂದೆ ಮೈಸೂರಿನ ಅರಮನೆಯ ಆಶ್ರಯ ಪಡೆದ ಆ ಗಾಯಕಿ 1930ರಲ್ಲಿ ಮೈಸೂರಿನಲ್ಲಿಯೇ ಕಾಲವಾದರು. ವಿದ್ಯುತ್ ಮೈಕಿನ ಮುದ್ರಣವು 1925ರಿಂದ ರೂಢಿಗೆ ಬಂದು ಮೆಲುದನಿಗೂ ಬೆಲೆ ತಂದುಕೊಟ್ಟಿತು.

ಅದೇ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಸ್ವಂತ ಮನೆಯಿಂದಲೇ ಕಿರುಶಕ್ತಿಯ ಪ್ರಸಾರಯಂತ್ರವೊಂದರ ಮೂಲಕ ಬಾನುಲಿ ಪ್ರಸಾರವನ್ನು ಆರಂಭಿಸಿ, ಅದನ್ನು ಆಕಾಶವಾಣಿ ಎಂಬ ಹೆಸರಿನಿಂದ ನಡೆಸಿದರು. ಸರ್ಕಾರದ ಕಟ್ಟಡವಾಗಲಿ ಕಂಪನಿಯ ಬಂಡವಾಳವಾಗಲಿ ಇಲ್ಲದೆ, ಒಬ್ಬ ಅಧ್ಯಾಪಕರ ಮನೆಯ ಕೋಣೆಯು ನಾಡಿನ ಕವಿ ಗಾಯಕರ ಕಂಠಕ್ಕೆ ವೇದಿಕೆಯಾದ ಈ ಸಂಗತಿಯನ್ನು ಮನೆಯಲ್ಲಿ ಸ್ಟುಡಿಯೊ ಕಟ್ಟಹೊರಟ ಪ್ರತಿಯೊಬ್ಬ ಕನ್ನಡಿಗನೂ ತನ್ನ ವಂಶಾವಳಿಯ ಮೊದಲ ಪುಟವೆಂದು ತಿಳಿಯಬಹುದು. ಮುಂದೆ ಧಾರವಾಡದಲ್ಲಿ 1950ರಲ್ಲಿಯೂ ಕಲಬುರಗಿಯಲ್ಲಿ 1966ರಲ್ಲಿಯೂ ಆಕಾಶವಾಣಿ ಕೇಂದ್ರಗಳು ತೆರೆದ ಮೇಲೆ ಉತ್ತರದ ಹಾಡುಗಾರರಿಗೆ ಸಮೀಪದಲ್ಲಿ ಒಂದು ನೆಲೆ ದೊರೆಯಿತು. ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ದೀರ್ಘಕಾಲ ಮದರಾಸೇ ಗತಿಯಾಗಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊವನ್ನು ಕಟ್ಟಿದ್ದು ಆ ಪರಾವಲಂಬನೆಯನ್ನು ತಗ್ಗಿಸುವ ದಿಕ್ಕಿನ ಹೆಜ್ಜೆ. 1978ರಲ್ಲಿ ನಿತ್ಯೋತ್ಸವದ ಕ್ಯಾಸೆಟ್ ಬಂದು ಭಾವಗೀತೆಯು ಮನೆಮನೆಗೆ ನಡೆಯಿತು. ಮರುವರ್ಷವೇ, 1979ರಲ್ಲಿ, ಜಪಾನಿನ ಟಿಯಾಕ್ ಕಂಪನಿಯು ಸಾಧಾರಣ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಪ್ರತ್ಯೇಕ ಪದರಗಳಲ್ಲಿ ಮುದ್ರಿಸಬಲ್ಲ ಪೋರ್ಟಾಸ್ಟುಡಿಯೊ ಎಂಬ ಯಂತ್ರವನ್ನು ಹೊರತಂದು, ಸ್ಟುಡಿಯೊವನ್ನು ಮೇಜಿನ ಮೇಲಿಡುವಷ್ಟು ಚಿಕ್ಕದಾಗಿಸಿತು. ಅಮೆರಿಕದ ಬಿಲ್ಲಿ ಐಲಿಶ್ ಮತ್ತು ಆಕೆಯ ಅಣ್ಣ ಫಿನಿಯಸ್ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ರೂಪಿಸಿದ ಗೀತಸಂಪುಟಕ್ಕೆ 2020ರಲ್ಲಿ ಗ್ರ್ಯಾಮಿಯ ಅತ್ಯುಚ್ಚ ಪ್ರಶಸ್ತಿಗಳು ಸಂದುವು. ಮನೆಯ ಕೋಣೆಯು ಕೀಳಲ್ಲವೆಂಬುದಕ್ಕೆ ಇನ್ನು ಬೇರೆ ಸಾಕ್ಷ್ಯ ಬೇಕಿಲ್ಲ.

ಮೊದಲು ಕೋಣೆ

ಮೈಕಿಗೆ ಕಂಠವೊಂದೇ ಕೇಳಿಸುವುದಿಲ್ಲ. ಗೋಡೆಯಿಂದ ಮರಳಿದ ಧ್ವನಿಯೂ ಕೇಳಿಸುತ್ತದೆ. ನಮ್ಮ ಕಿವಿಯು ಮನಸ್ಸಿನ ಸಹಾಯದಿಂದ ಬೇಡದ ಸದ್ದನ್ನು ಬದಿಗೊತ್ತಬಲ್ಲುದು, ಯಂತ್ರಕ್ಕೆ ಆ ವಿವೇಕವಿಲ್ಲ. ಇಂದಿನ ಹೊಸ ಮನೆಗಳ ಕಾಂಕ್ರೀಟ್ ಚಾವಣಿ, ಟೈಲ್ಸ್ ಅಥವಾ ಫರ್ಸಿ ಕಲ್ಲಿನ ನೆಲ, ನುಣುಪಾದ ಗೋಡೆ ಇವೆಲ್ಲ ಧ್ವನಿಯನ್ನು ಹೀರದೆ ಹಿಂದಕ್ಕೆ ಎಸೆಯುವಂಥವು. ಕೋಣೆಯ ನಡುವೆ ನಿಂತು ಒಮ್ಮೆ ಬಲವಾಗಿ ಚಪ್ಪಾಳೆ ತಟ್ಟಿದಾಗ ಲೋಹದ ತಗಡು ನಡುಗಿದಂಥ ಕಂಪನವು ಕೇಳಿಬಂದರೆ, ಆ ಕೋಣೆ ಇನ್ನೂ ಮುದ್ರಣಕ್ಕೆ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಉದ್ದ ಅಗಲ ಎತ್ತರಗಳು ಸಮವಾದ ಚೌಕ ಕೋಣೆಯಂತೂ ಕೆಲವು ಮಂದ್ರ ಸ್ವರಗಳನ್ನು ಮಾತ್ರ ವಿಪರೀತವಾಗಿ ಉಬ್ಬಿಸುತ್ತದೆ: ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸೆಕೆಂಡಿಗೆ ಸುಮಾರು 56 ಕಂಪನಗಳ ಸ್ವರವೂ ಅದರ ಗುಣಕಗಳೂ ಸಿಕ್ಕಿಬಿದ್ದು ಮೊಳಗುತ್ತವೆ. ಆದಕಾರಣ ಉದ್ದ ಅಗಲಗಳು ಭಿನ್ನವಾಗಿರುವ ಕೋಣೆಯನ್ನೇ ಆರಿಸಬೇಕು.

ಇಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. ದಪ್ಪನೆಯ ಕಲ್ಲು ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿಗಳುಳ್ಳ ಹಳೆಯ ಮನೆಗಳು ಹೊರಗಿನ ಪಂಪ್‌ಸೆಟ್ಟು ಟ್ರ್ಯಾಕ್ಟರುಗಳ ಸದ್ದನ್ನು ತಡೆಯುವುದರಲ್ಲಿ ಹೊಸ ಮನೆಗಳಿಗಿಂತ ಸಮರ್ಥವಾದವು. ಏಕೆಂದರೆ ಹೊರಸದ್ದನ್ನು ತಡೆಯುವುದು ಗೋಡೆಯ ಭಾರವೂ ಸಂದುಗಳಿಲ್ಲದ ಬಿಗಿಯೂ ಹೊರತು ಮೃದುವಾದ ಹೊದಿಕೆಯಲ್ಲ. ಒಳಗಿನ ಪ್ರತಿಧ್ವನಿಯನ್ನು ಹೀರುವ ಕೆಲಸ ಮಾತ್ರ ಮೃದುವಸ್ತುವಿನದು. ಅದಕ್ಕೆ ಅಜ್ಜಿಯರು ಹೊಲಿದ ಕೌದಿ, ಕುರಿಯ ಉಣ್ಣೆಯ ಕಂಬಳಿ, ಹತ್ತಿಯ ಗಾದಿ ಇವುಗಳಿಗಿಂತ ಉತ್ತಮವಾದ, ಇಷ್ಟು ಸುಲಭವಾಗಿ ದೊರೆಯುವ ಸಾಧನವು ಬೇರೊಂದಿಲ್ಲ. ಕೌದಿಯನ್ನು ಗೋಡೆಗೆ ಅಂಟಿಸಿ ತೂಗುಹಾಕುವುದಕ್ಕಿಂತ ಗೋಡೆಯಿಂದ ನಾಲ್ಕಾರು ಇಂಚು ಮುಂದಕ್ಕೆ ಹಗ್ಗದ ಮೇಲೆ ಇಳಿಬಿಟ್ಟರೆ, ಹಿಂದಿನ ಗಾಳಿಯ ಪದರದಿಂದಾಗಿ ಅದು ಇನ್ನೂ ತಗ್ಗಿನ ಸ್ವರಗಳನ್ನು ಹೀರಬಲ್ಲುದಾಗುತ್ತದೆ. ಮಂದ್ರಸ್ವರದ ಮೊಳಗು ಮೂಲೆಗಳಲ್ಲಿ ಕೂಡುವುದರಿಂದ ಸುತ್ತಿದ ಗಾದಿಗಳನ್ನು ಮೂಲೆಗಳಲ್ಲಿ ನಿಲ್ಲಿಸಬೇಕು. ನೆಲಕ್ಕೆ ಜಮಖಾನೆ ಹಾಸಬೇಕು. ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಮೆತ್ತುವ ಪದ್ಧತಿ ಎಲ್ಲೆಡೆ ಹಬ್ಬಿದೆಯಾದರೂ, ತೆಳುವಾದ ಆ ರಟ್ಟಿಗೆ ಧ್ವನಿಯನ್ನು ಹೀರುವ ಶಕ್ತಿ ಅತ್ಯಲ್ಪ, ತಡೆಯುವ ಶಕ್ತಿಯಂತೂ ಇಲ್ಲವೇ ಇಲ್ಲ.

ಬೇಸಿಗೆಯ ನಮ್ಮ ಬಿಸಿಲಿನಲ್ಲಿ ಫ್ಯಾನು ನಿಲ್ಲಿಸಿ ಹಾಡುವುದು ಕಠಿಣವಾದ ತಪಸ್ಸು. ಆದರೆ ಫ್ಯಾನಿನ ಗಾಳಿಯ ಸದ್ದು ಒಮ್ಮೆ ಸೇರಿದರೆ ಆಮೇಲೆ ನಿರ್ದೋಷವಾಗಿ ತೆಗೆಯಲಾಗದು. ಆದ್ದರಿಂದ ಊರು ಏಳುವುದಕ್ಕೆ ಮುಂಚಿನ ಬೆಳಗಿನ ಜಾವವನ್ನೋ ಊರು ಮಲಗಿದ ಮೇಲಿನ ಹೊತ್ತನ್ನೋ ಆರಿಸಿ, ಎರಡು ಪದಗಳ ನಡುವೆ ಫ್ಯಾನು ಹಚ್ಚಿ ಹಾಡುಗಾರರಿಗೆ ವಿಶ್ರಾಂತಿ ಕೊಡುವುದು ಯುಕ್ತ. ಮಳೆಗಾಲದ ತೇವಕ್ಕೆ ಹಲಗೆಯ ಚರ್ಮ ಸಡಿಲವಾಗುತ್ತದೆ, ಬೆಂಕಿಯ ಕಾವಿಗೆ ಬಿಗಿಯಾಗುತ್ತದೆ ಎಂಬುದು ಬಾರಿಸುವವರಿಗೆಲ್ಲ ಗೊತ್ತು. ಮುದ್ರಣಕ್ಕೆ ಮುನ್ನ ಅವರಿಗೆ ಚರ್ಮ ಕಾಯಿಸುವಷ್ಟು ಸಮಯ ಕೊಡುವುದೂ ಸಲಕರಣೆಯ ಸಿದ್ಧತೆಯ ಭಾಗವೇ.

ಮೈಕಿನ ಆಯ್ಕೆ

ಮೈಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈನಾಮಿಕ್ ಮೈಕಿನಲ್ಲಿ ಧ್ವನಿಯು ತೆಳುಪೊರೆಯೊಂದನ್ನು ಅಲುಗಿಸಿ, ಆ ಪೊರೆಗೆ ಅಂಟಿದ ತಂತಿಯ ಸುರುಳಿಯು ಅಯಸ್ಕಾಂತದ ಕ್ಷೇತ್ರದಲ್ಲಿ ಚಲಿಸಿ ವಿದ್ಯುತ್ತು ಹುಟ್ಟುತ್ತದೆ. ಅದು ಗಟ್ಟಿಮುಟ್ಟಾದುದು, ಧೂಳಿಗೂ ಸೆಕೆಗೂ ಬೇಗ ಬಗ್ಗುವುದಿಲ್ಲ, ಹತ್ತಿರದ ಸದ್ದನ್ನು ಚೆನ್ನಾಗಿ ಹಿಡಿದು ದೂರದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ. 1965ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ57, ಮರುವರ್ಷ ಬಂದ ಎಸ್‌ಎಂ58 ಇಂದಿಗೂ ಜಗತ್ತಿನ ವೇದಿಕೆಗಳಲ್ಲಿ ನಿಂತಿರುವುದು ಈ ಗುಣದಿಂದ. ಕಂಡೆನ್ಸರ್ ಮೈಕಿನಲ್ಲಿ ವಿದ್ಯುದಾವೇಶವುಳ್ಳ ಎರಡು ಫಲಕಗಳ ನಡುವಣ ಅಂತರವು ಧ್ವನಿಗೆ ತಕ್ಕಂತೆ ಬದಲಾಗಿ ಸಂಕೇತವು ಹುಟ್ಟುತ್ತದೆ. ಅದಕ್ಕೆ ಹೊರಗಿನಿಂದ 48 ವೋಲ್ಟಿನ ಫ್ಯಾಂಟಮ್ ಪವರ್ ಒದಗಿಸಬೇಕು. ಅದು ಸೂಕ್ಷ್ಮಗ್ರಾಹಿ: ಏಕತಾರಿಯ ತಂತಿಯ ಮೇಲೆ ಬೆರಳು ಸರಿದ ಸದ್ದನ್ನೂ ದಮ್ಮಡಿಯ ಬಿಲ್ಲೆಗಳ ಕಿರುನಾದವನ್ನೂ ಅದು ಹಿಡಿಯುತ್ತದೆ, ಹಾಗೆಯೇ ನೆರೆಮನೆಯ ಮಿಕ್ಸರಿನ ಸದ್ದನ್ನೂ ಬಿಡುವುದಿಲ್ಲ.

ಹೀಗಿರುವುದರಿಂದ ಕೋಣೆಯು ಶಾಂತವಾಗಿಯೂ ಕೌದಿಗಳಿಂದ ಸಜ್ಜಾಗಿಯೂ ಇದ್ದಲ್ಲಿ ಕಂಡೆನ್ಸರು, ಇಲ್ಲದಿದ್ದಲ್ಲಿ ಡೈನಾಮಿಕ್ಕು ಎಂಬುದು ಸರಳವಾದ ನಿಯಮ. ಸಜ್ಜಿಲ್ಲದ ಕೋಣೆಗೆ ಬೆಲೆಬಾಳುವ ಕಂಡೆನ್ಸರನ್ನು ತರುವವರು ಆ ಕೋಣೆಯ ದೋಷಗಳನ್ನೇ ಹೆಚ್ಚು ಸ್ಪಷ್ಟವಾಗಿ ಮುದ್ರಿಸಿಕೊಳ್ಳಲು ಹಣ ತೆತ್ತಂತಾಗುತ್ತದೆ. ಜಾತ್ರೆಯ ಮೈಕ್‌ಸೆಟ್ಟಿಗೆ ಹಾಡಿ ರೂಢಿಯಾದವರು ಮೈಕನ್ನು ತುಟಿಗೆ ತಾಗಿಸಿಕೊಂಡು ಹಾಡುತ್ತಾರೆ. ಒಂದು ದಿಕ್ಕಿಗೆ ಮುಖಮಾಡಿದ ಮೈಕುಗಳಲ್ಲಿ ಅತಿ ಸಾಮೀಪ್ಯವು ಮಂದ್ರವನ್ನು ಕೃತಕವಾಗಿ ಉಬ್ಬಿಸುವುದರಿಂದ, ಮನೆಯಲ್ಲಿ ತುಟಿಗೂ ಮೈಕಿಗೂ ಒಂದು ಗೇಣಿನ ಅಂತರವಿರಿಸಿ, ನಡುವೆ ಬಟ್ಟೆಯ ತೆಳು ತೆರೆಯೊಂದನ್ನು ನಿಲ್ಲಿಸಿದರೆ ಪಕಾರ ಬಕಾರಗಳ ಹೊಡೆತವು ತಪ್ಪಿ ಸಹಜವಾದ ಕಂಠ ದೊರೆಯುತ್ತದೆ. ಅಂತರವು ಎರಡರಷ್ಟಾದರೆ ಕಂಠದ ನೇರಧ್ವನಿಯು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಅನುರಣನ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದುದರಿಂದ ಮೈಕನ್ನು ಹಿಂದೆ ಮುಂದೆ ಸರಿಸುವುದೇ ಅತ್ಯಂತ ಅಗ್ಗವಾದ, ಅತ್ಯಂತ ಪರಿಣಾಮಕಾರಿಯಾದ ತಿದ್ದುಪಡಿ.

ತತ್ತ್ವಪದದ ಮಂಡಳಿಗೆ ಎರಡು ಮೈಕುಗಳು ಸಾಕು. ಮುಖ್ಯ ಹಾಡುಗಾರರ ಎದೆಯ ಮಟ್ಟಕ್ಕೆ, ಸ್ವಲ್ಪ ಮೇಲ್ಮುಖವಾಗಿ ಒಂದು, ಅದಕ್ಕೆ ಕಂಠವೂ ಏಕತಾರಿಯೂ ಒಟ್ಟಿಗೆ ಸಿಕ್ಕುತ್ತವೆ. ದಮ್ಮಡಿ, ತಾಳ, ಹಿಮ್ಮೇಳಗಳಿಗೆ ಎರಡು ಮೊಳ ದೂರದಲ್ಲಿ ಇನ್ನೊಂದು. ಕಂಠವನ್ನು ಒಂದು ದಿನ, ವಾದ್ಯವನ್ನು ಇನ್ನೊಂದು ದಿನ ಬೇರೆ ಬೇರೆಯಾಗಿ ಮುದ್ರಿಸುವ ಚಿತ್ರಗೀತೆಯ ಪದ್ಧತಿ ಈ ಹಾಡಿಗೆ ಒಗ್ಗದು. ಮುಂದಾಳು ಹಾಡಿದ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುವ ಆ ಕ್ಷಣದ ಕಣ್ಸನ್ನೆಯಲ್ಲಿಯೇ ಇದರ ಜೀವವಿದೆ.

ಇಂಟರ್‌ಫೇಸು, ಕಂಪ್ಯೂಟರು, ಕರೆಂಟು

ಮೈಕಿನ ಕ್ಷೀಣ ವಿದ್ಯುತ್ತನ್ನು ಬಲಪಡಿಸಿ ಅಂಕಿಗಳನ್ನಾಗಿ ಮಾಡುವ ಪೆಟ್ಟಿಗೆಯೇ ಆಡಿಯೊ ಇಂಟರ್‌ಫೇಸು. ಅದು ಪ್ರತಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಧ್ವನಿಯ ಎತ್ತರವನ್ನು ಅಳೆದು ಬರೆದಿಡುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳು ಗೋಚರವಾಗುವುದರಿಂದಲೂ, ಯಾವುದೇ ಕಂಪನವನ್ನು ನಿಷ್ಠವಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕಾದುದರಿಂದಲೂ, ಸಿ.ಡಿ.ಯ ನಿರ್ಮಾಪಕರು 44,100 ಎಂಬ ಸಂಖ್ಯೆಯನ್ನು ನಿಗದಿ ಮಾಡಿದರು. ಇಂದು 48,000 ಹೆಚ್ಚು ರೂಢಿ. ಒಂದೊಂದು ಅಳತೆಯೂ ಎಷ್ಟು ಸೂಕ್ಷ್ಮವೆಂಬುದನ್ನು ಹೇಳುವುದು ಬಿಟ್ಟಿನ ಲೆಕ್ಕ: ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್ಟಿಗೆ 96, 24 ಬಿಟ್ಟಿಗೆ 144 ಡೆಸಿಬೆಲ್ ವ್ಯಾಪ್ತಿ ದೊರೆಯುತ್ತದೆ. 24 ಬಿಟ್ಟಿನಲ್ಲಿ ಮುದ್ರಿಸುವವರು ಧ್ವನಿಯ ಮುಳ್ಳನ್ನು ಕೆಂಪು ಗೆರೆಯ ಸಮೀಪಕ್ಕೆ ಒಯ್ಯಬೇಕಾದ ಅಗತ್ಯವೇ ಇಲ್ಲ. ಗಟ್ಟಿಯಾದ ಹೊಡೆತವೂ ಶೂನ್ಯಕ್ಕಿಂತ 12 ಡೆಸಿಬೆಲ್ ಕೆಳಗೇ ಇರುವಂತೆ ನಿಯೋಜಿಸಿದರೆ, ಹಲಗೆಯ ಅನಿರೀಕ್ಷಿತ ಪೆಟ್ಟಿಗೂ ಧ್ವನಿ ಹರಿದುಹೋಗುವುದಿಲ್ಲ.

ಇಂಟರ್‌ಫೇಸಿನಲ್ಲಿ ನೋಡಬೇಕಾದುದು ಮೂರು ಸಂಗತಿ: ಏಕಕಾಲಕ್ಕೆ ಎಷ್ಟು ಮೈಕುಗಳನ್ನು ಸೇರಿಸಬಹುದು, 48 ವೋಲ್ಟಿನ ಪೂರೈಕೆ ಇದೆಯೇ, ಕಂಪ್ಯೂಟರಿನ ಮಾರ್ಗವಾಗಿ ಸುತ್ತಿಬರದೆ ಹಾಡುಗಾರರಿಗೆ ತಮ್ಮ ಧ್ವನಿಯು ನೇರವಾಗಿ ಹೆಡ್‌ಫೋನಿನಲ್ಲಿ ಕೇಳಿಸುವ ಏರ್ಪಾಡು ಇದೆಯೇ. ಫೋಕಸ್‌ರೈಟ್, ಬೆಹ್ರಿಂಜರ್, ಆಡಿಯೆಂಟ್, ಮೋಟು ಮೊದಲಾದ ಕಂಪನಿಗಳ ಎರಡು ಮೈಕಿನ ಪೆಟ್ಟಿಗೆಗಳು ಮನೆಗೆ ಧಾರಾಳವಾಗಿ ಸಾಕು. ಪೇಟಿ, ತಬಲ, ದಮ್ಮಡಿ, ಕಂಠ ನಾಲ್ಕನ್ನೂ ಬೇರೆ ಬೇರೆ ಹಿಡಿಯಲೇಬೇಕೆಂಬವರು ಮಾತ್ರ ನಾಲ್ಕು ಮೈಕಿನದನ್ನು ಕೊಳ್ಳಲಿ. ಯು.ಎಸ್.ಬಿ. ಮೈಕು ನೇರವಾಗಿ ಕಂಪ್ಯೂಟರಿಗೆ ಸೇರುವುದಾದರೂ, ನಾಳೆ ಎರಡನೆಯ ಮೈಕು ಬೇಕಾದಾಗ ದಾರಿ ಕಟ್ಟುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಆಡಂಬರ ಬೇಡ: 8 ಜಿ.ಬಿ. ಸ್ಮರಣೆಯೂ ಸದ್ದು ಮಾಡದ ಎಸ್.ಎಸ್.ಡಿ.ಯೂ ಇರುವ ಲ್ಯಾಪ್‌ಟಾಪು ಸಾಕು.

ಕರೆಂಟಿನ ಏರಿಳಿತ ಮತ್ತು ನಿಲುಗಡೆಗಳು ನಮ್ಮ ಹಳ್ಳಿಗಳ ನಿತ್ಯದ ಪಾಡು. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ 50 ಕಂಪನಗಳ ಗುಂಯ್‌ಗುಡುವಿಕೆ ಮುದ್ರಣದಲ್ಲಿ ನುಸುಳುತ್ತದೆ; ಇನ್ವರ್ಟರು ಹಚ್ಚಿದಾಗ ಅದು ಇನ್ನೂ ಕರ್ಕಶವಾಗಬಹುದು. ಮೊದಲು ಅರ್ತಿಂಗ್ ಸರಿಪಡಿಸಿಕೊಳ್ಳಬೇಕು, ಯು.ಎಸ್.ಬಿ.ಯಿಂದಲೇ ಶಕ್ತಿ ಪಡೆಯುವ ಇಂಟರ್‌ಫೇಸನ್ನು ಆರಿಸಿ, ಚಾರ್ಜರು ಕಿತ್ತು ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಮುದ್ರಿಸಿದರೆ ಸದ್ದೂ ಇಲ್ಲ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಜಾತ್ರೆಗೋ ಮೊಹರಮಿನ ರಾತ್ರಿಗೋ ಕಂಪ್ಯೂಟರನ್ನು ಹೊತ್ತೊಯ್ಯಲಾಗದವರಿಗೆ ಜೂಮ್, ಟಾಸ್ಕಾಮ್ ಕಂಪನಿಗಳ ಬ್ಯಾಟರಿಯಿಂದ ನಡೆಯುವ ಕೈ ರೆಕಾರ್ಡರುಗಳು ಅತ್ಯುಪಯುಕ್ತ.

ಇನ್ನು ಮೊಬೈಲು. ಏನೂ ಇಲ್ಲದವರಿಗೆ ಅದೇ ಆರಂಭವಾಗಲಿ, ಅದರಲ್ಲಿ ನಾಚಿಕೆಯಿಲ್ಲ. ಆದರೆ ಮಾತಿಗಾಗಿ ರೂಪಿಸಿದ ಅದರ ಸದ್ದು ನಿವಾರಣೆಯ ಏರ್ಪಾಡು, ಎಡೆಬಿಡದೆ ಒಂದೇ ಸಮನೆ ಕೇಳಿಬರುವ ನಾದವನ್ನೆಲ್ಲ ಗದ್ದಲವೆಂದು ಭಾವಿಸಿ ಅಳಿಸುತ್ತದೆ. ಏಕತಾರಿಯ ಶ್ರುತಿಯೇ ಅದಕ್ಕೆ ಮೊದಲ ಬಲಿಯಾಗುತ್ತದೆ. ಆದ್ದರಿಂದ ಸದ್ದು ನಿವಾರಣೆಯನ್ನೂ ತಾನಾಗಿಯೇ ಧ್ವನಿಯನ್ನು ಏರಿಸಿ ಇಳಿಸುವ ಸೌಕರ್ಯವನ್ನೂ ನಿಲ್ಲಿಸಬಲ್ಲ ಆಪ್ ಆರಿಸಿಕೊಂಡು ಮುದ್ರಿಸಬೇಕು.

ಸಾಫ್ಟ್‌ವೇರಿನ ವಿಚಾರ

ಅನೇಕರು ಮೊದಲು ಕೇಳುವ ಪ್ರಶ್ನೆಗೆ ಈಗ ಬರಬಹುದು. ಸಾಫ್ಟ್‌ವೇರುಗಳು ಮಾಡುವ ಮೂಲಭೂತ ಕಾರ್ಯ ಅಂಕಿಗಳನ್ನು ಕೂಡಿಡುವುದು; ಅದೇ ಧ್ವನಿಗಳನ್ನು ಅದೇ ಪ್ರಮಾಣದಲ್ಲಿ ಕೂಡಿಸಿದರೆ ಬೆಲೆಯುಳ್ಳದ್ದೂ ಬೆಲೆಯಿಲ್ಲದ್ದೂ ಕೊಡುವ ಫಲ ಒಂದೇ. ಭೇದವಿರುವುದು ಕೆಲಸದ ಸೌಕರ್ಯದಲ್ಲಿ, ಕಂಪ್ಯೂಟರಿನಿಂದ ಅದು ಬೇಡುವ ಶಕ್ತಿಯಲ್ಲಿ, ಬೆಲೆಯಲ್ಲಿ. ಸ್ಟುಡಿಯೊಗಳಲ್ಲಿ ಪ್ರತಿಷ್ಠಿತವಾದ ಪ್ರೋ ಟೂಲ್ಸ್ 1991ರದು, ಕ್ಯೂಬೇಸ್ 1989ರದು. ವೃತ್ತಿಗಾಗಿ ನಗರದ ಸ್ಟುಡಿಯೊಗಳೊಡನೆ ಕಡತಗಳನ್ನು ವಿನಿಮಯ ಮಾಡಬೇಕಾದವರಿಗೆ ಅವು ಉಪಯುಕ್ತ. ಬೀಟುಗಳನ್ನು ಜೋಡಿಸಿ ಹೊಸ ಹಾಡು ಕಟ್ಟುವ ಹುಡುಗರಿಗೆ ಎಫ್‌ಎಲ್ ಸ್ಟುಡಿಯೊ, ಏಬಲ್ಟನ್ ಲೈವ್ ಒಗ್ಗುತ್ತವೆ. ಹಾಡಿದ್ದನ್ನು ಹಾಡಿದಂತೆ ಹಿಡಿದು ಕತ್ತರಿಸಿ ಹೊಂದಿಸುವುದಷ್ಟೇ ಉದ್ದೇಶವಾದವರಿಗೆ 2000ದಲ್ಲಿ ಹೊರಬಂದ ಆಡಾಸಿಟಿ ಸಾಕು. ಅದು ಉಚಿತ, ಅದರ ಮೂಲಸಂಕೇತವೂ ಮುಕ್ತ. ಆಪಲ್ ಕಂಪ್ಯೂಟರುಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ದೊರೆಯುತ್ತದೆ. ಹಲವು ಮೈಕುಗಳ ಮುದ್ರಣವನ್ನು ಗಂಭೀರವಾಗಿ ಕೈಗೊಳ್ಳುವವರಿಗೆ ರೀಪರ್ ಉತ್ತಮ: ಹಳೆಯ ಕಂಪ್ಯೂಟರಿನಲ್ಲಿಯೂ ಹಗುರವಾಗಿ ನಡೆಯುತ್ತದೆ, 60 ದಿನ ಪೂರ್ಣವಾಗಿ ಪರೀಕ್ಷಿಸಿ ನೋಡಲು ಅವಕಾಶವಿದೆ, ಅನಂತರ ವೈಯಕ್ತಿಕ ಪರವಾನಗಿಗೆ 60 ಡಾಲರು. ಇಂಥ ಪ್ರಾಮಾಣಿಕ ಮಾರ್ಗಗಳಿರುವಾಗ ಕಳ್ಳಪ್ರತಿಯ ಸಾಫ್ಟ್‌ವೇರನ್ನು ತಂದು, ಅದರೊಡನೆ ವೈರಸ್ಸನ್ನೂ ಮನೆಗೆ ಕರೆಯುವುದು ಅನಾವಶ್ಯಕವೂ ಅನುಚಿತವೂ ಆದ ಕಾರ್ಯ.

ಆದರೆ ಒಂದು ಎಚ್ಚರಿಕೆ ಅತ್ಯಗತ್ಯ. ಈ ಸಾಫ್ಟ್‌ವೇರುಗಳೆಲ್ಲ ಹುಟ್ಟಿದ್ದು ಪಾಶ್ಚಾತ್ಯ ಸಂಗೀತದ ನೆರಳಿನಲ್ಲಿ; ಅವುಗಳಲ್ಲಿ ಹಲವನ್ನು ತೆರೆದೊಡನೆ ನಿಮಿಷಕ್ಕೆ 120 ಬಡಿತದಂತೆ ಸಮವಾಗಿ ಗೆರೆ ಎಳೆದ ಪರದೆಯೊಂದು ಎದುರಾಗುತ್ತದೆ. ತತ್ತ್ವಪದದ ಲಯ ಆ ಗೆರೆಗಳಿಗೆ ಬದ್ಧವಾದುದಲ್ಲ. ಅದು ಪಲ್ಲವಿಯಲ್ಲಿ ನಿಧಾನಿಸಿ, ಹಿಮ್ಮೇಳದ ಉತ್ಸಾಹ ಏರಿದಂತೆ ತಾನೂ ಏರುವಂಥದು. ಕ್ಲಿಕ್ಕಿನ ಸದ್ದನ್ನು ಕಿವಿಗೆ ತುರುಕಿ ಹಿರಿಯ ಹಾಡುಗಾರರನ್ನು ಅದರ ಹಿಂದೆ ನಡೆಸುವುದು ಆ ಪರಂಪರೆಗೆ ಮಾಡುವ ಅಪಚಾರ. ಶ್ರುತಿಯ ವಿಷಯವೂ ಹಾಗೆಯೇ. ಕರಿ ಎರಡು, ಬಿಳಿ ನಾಲ್ಕು ಎಂದು ಶ್ರುತಿ ಹೇಳುವ ನಮ್ಮ ಪೇಟಿಗಳು ಎಲ್ಲವೂ 440 ಕಂಪನದ ಅಂತರರಾಷ್ಟ್ರೀಯ ಅಳತೆಗೆ ಸರಿಯಾಗಿರುವುದಿಲ್ಲ. 1997ರಲ್ಲಿ ಬಂದ ಆಟೋಟ್ಯೂನ್‌ನಂಥ ಉಪಕರಣಗಳು ಆ ಅಳತೆಯ ಹನ್ನೆರಡು ಮನೆಗಳಿಗೆ ಕಂಠವನ್ನು ಎಳೆದು ಕೂರಿಸಿದಾಗ, ಎರಡು ಸ್ವರಗಳ ನಡುವೆ ಜಾರಿ ಹೋಗುವ ಆ ಮೃದುವಾದ ಎಳೆತವೇ ಮಾಯವಾಗುತ್ತದೆ. 1902ರ ತಟ್ಟೆಯು ಹಾಡನ್ನು ಕುಗ್ಗಿಸಿದ್ದು ನಿರುಪಾಯದಿಂದ. ಇಂದು ಅಂಥ ನಿರ್ಬಂಧ ಯಾವುದೂ ಇಲ್ಲದಿರುವಾಗ ಗೆರೆಗಳನ್ನು ಅಳಿಸಿ, ಕ್ಲಿಕ್ಕನ್ನು ನಿಲ್ಲಿಸಿ, ಹಾಡು ತನ್ನ ಪೂರ್ಣ ಪ್ರಮಾಣದಲ್ಲಿ ಇರಲು ಬಿಡುವುದು ನಮ್ಮ ಕೈಯಲ್ಲಿದೆ.

ಕೇಳುವ ಸಾಧನದ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. ಚಿಕ್ಕ ಕೋಣೆಯಲ್ಲಿ ದುಬಾರಿ ಸ್ಪೀಕರುಗಳಿಗಿಂತ ಕಿವಿಯನ್ನು ಪೂರ್ಣವಾಗಿ ಮುಚ್ಚುವ ಒಳ್ಳೆಯ ಹೆಡ್‌ಫೋನು ಹೆಚ್ಚು ವಿಶ್ವಾಸಾರ್ಹ. ಅದರಿಂದ ಧ್ವನಿ ಸೋರಿ ಮೈಕಿಗೆ ಸೇರುವುದೂ ಇಲ್ಲ. ಕೆಲಸ ಮುಗಿದ ಮೇಲೆ ಅದೇ ಹಾಡನ್ನು ಮೊಬೈಲಿನಲ್ಲಿಯೂ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಲ್ಲಿಯೂ ಕೇಳಿ ನೋಡಬೇಕು, ಏಕೆಂದರೆ ನಮ್ಮ ಜನ ಕೇಳುವುದು ಅಲ್ಲಿ.

ಕಾಪಾಡುವ ಕರ್ತವ್ಯ

ಮುದ್ರಿಸಿದ್ದನ್ನು ಎಂ.ಪಿ.3 ಆಗಿ ಅಲ್ಲ, ಡಬ್ಲ್ಯೂ.ಎ.ವಿ. ಕಡತವಾಗಿ ಇಡಬೇಕು, ಎಂ.ಪಿ.3 ಕಿವಿಗೆ ಅಷ್ಟಾಗಿ ತಿಳಿಯದೆಂದು ಎಣಿಸಿದ ಭಾಗಗಳನ್ನು ಎಸೆದುಬಿಡುತ್ತದೆ, ಎಸೆದದ್ದು ಮತ್ತೆ ಬರುವುದಿಲ್ಲ. 48,000ದ ಅಳತೆಯಲ್ಲಿ 24 ಬಿಟ್ಟಿನ ಒಂದು ಮೈಕಿನ ಧ್ವನಿಗೆ ನಿಮಿಷಕ್ಕೆ 8.64 ಎಂ.ಬಿ., ಗಂಟೆಗೆ ಸುಮಾರು 518 ಎಂ.ಬಿ. ಬೇಕು. ಎರಡು ಮೈಕಿನಿಂದ ಎಂಟು ಗಂಟೆ ನಡೆದ ಭಜನೆಗೆ 8.3 ಜಿ.ಬಿ.; 64 ಜಿ.ಬಿ.ಯ ಒಂದು ಪೆನ್‌ಡ್ರೈವಿನಲ್ಲಿ ಅಂಥ ಏಳು ರಾತ್ರಿಗಳು ಅಡಗುತ್ತವೆ. ಸಾಧಾರಣ ಡಬ್ಲ್ಯೂ.ಎ.ವಿ. ಕಡತವು 4 ಜಿ.ಬಿ. ಮೀರಲಾರದಾದುದರಿಂದ ಒಂದೊಂದು ಪದಕ್ಕೂ ಹೊಸ ಕಡತ ತೆರೆಯುವುದು ಕ್ಷೇಮ. ಪ್ರತಿಗಳು ಮೂರಿರಬೇಕು, ಎರಡು ಬೇರೆ ಬೇರೆ ಸಾಧನಗಳಲ್ಲಿರಬೇಕು, ಒಂದು ಬೇರೆ ಊರಿನಲ್ಲಿರಬೇಕು. ಕಡತದ ಹೆಸರಿನಲ್ಲಿ ಹಾಡಿದವರ ಹೆಸರು, ಊರು, ದಿನಾಂಕ, ಪದದ ಮೊದಲ ಸಾಲು ಇರಬೇಕು; ಹೆಸರಿಲ್ಲದ ಕಡತವು ಹತ್ತು ವರ್ಷದ ಮೇಲೆ ಅನಾಥವಾಗುತ್ತದೆ.

ಹಾಡಿದವರ ಹಕ್ಕನ್ನು ಮರೆಯಲಾಗದು. 1957ರ ಕೃತಿಸ್ವಾಮ್ಯ ಕಾಯಿದೆಯು ಹಾಡುವವರಿಗೂ ನುಡಿಸುವವರಿಗೂ ಪ್ರದರ್ಶಕರ ಹಕ್ಕನ್ನು ಕೊಟ್ಟಿದೆ, ಅದರ ಅವಧಿ 50 ವರ್ಷ. ಧ್ವನಿಮುದ್ರಿಕೆಯ ಹಕ್ಕಿನ ಅವಧಿ 60 ವರ್ಷ. ಪದವು ಶತಮಾನಗಳ ಹಿಂದಿನದಾದರೂ ಇಂದು ಅದನ್ನು ಹಾಡಿದ ಕಂಠವು ಆ ಹಾಡುಗಾರರದೇ. ಅವರ ಒಪ್ಪಿಗೆಯನ್ನು ಮೊದಲೇ ಪಡೆದು, ಯೂಟ್ಯೂಬಿಗೆ ಹಾಕುವುದಿದ್ದರೆ ಅದನ್ನೂ ಬಿಡಿಸಿ ಹೇಳಿ, ಹಣ ಬಂದರೆ ಪಾಲು ಹೇಗೆಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವುದು ನ್ಯಾಯ. ಓದು ಬರಹ ತಿಳಿಯದ ಹಿರಿಯರಿಂದ ಪದವನ್ನು ಪಡೆದು ತನ್ನ ಹೆಸರನ್ನು ಮಾತ್ರ ಮೇಲೆ ಬರೆದುಕೊಳ್ಳುವವನ ಸಲಕರಣೆ ಎಷ್ಟು ಉತ್ತಮವಾಗಿದ್ದರೇನು?

ಆದ್ದರಿಂದ ಕೈಯಲ್ಲಿ ಅಲ್ಪಸ್ವಲ್ಪ ಹಣವಿರುವ ತರುಣರಿಗೆ ಹೇಳಬೇಕಾದ ಕ್ರಮ ಇಷ್ಟು: ಮನೆಯ ಶಾಂತವಾದ ಕೋಣೆಯನ್ನು ಆರಿಸಿ ಇರುವ ಕೌದಿ ಗಾದಿಗಳಿಂದಲೇ ಅದನ್ನು ಸಜ್ಜುಗೊಳಿಸಿರಿ, ಹಣದ ದೊಡ್ಡ ಭಾಗವನ್ನು ಕೋಣೆಗೆ ಒಪ್ಪುವ ಒಂದು ಮೈಕಿಗೂ ಎರಡು ಮೈಕು ಸೇರುವ ಇಂಟರ್‌ಫೇಸಿಗೂ ಗಟ್ಟಿಯಾದ ಸ್ಟ್ಯಾಂಡಿಗೂ ಕೊಡಿರಿ, ಅನಂತರ ಹೆಡ್‌ಫೋನು ಕೊಳ್ಳಿರಿ, ಸಾಫ್ಟ್‌ವೇರನ್ನು ಉಚಿತವಾದುದರಿಂದಲೇ ಆರಂಭಿಸಿರಿ, ಉಳಿದ ಹಣದಿಂದ ಎರಡನೆಯ ಮೈಕಿಗೆ ಮುಂಚೆ ಎರಡನೆಯ ಹಾರ್ಡ್‌ಡಿಸ್ಕನ್ನು ತನ್ನಿರಿ. ಉತ್ತಮವಾದ ಸಲಕರಣೆ ಕೂಡಿಬರಲೆಂದು ಕಾಯುತ್ತ ಕೂರುವುದು ಮಾತ್ರ ಬೇಡ, ಏಕೆಂದರೆ ಯಂತ್ರಗಳು ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತವೆ, ಎಂಬತ್ತು ದಾಟಿದ ಕಂಠಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತವೆ. ಮುದ್ರಣವಾದ ಮೇಲೆ ಮೊದಲ ಪ್ರತಿಯನ್ನು ಹಾಡಿದವರ ಮನೆಗೆ ಮುಟ್ಟಿಸಿರಿ. ಅದನ್ನು ಕೇಳಿ ಅವರು ತಪ್ಪು ತೋರಿಸಿದರೆ ಮತ್ತೊಮ್ಮೆ ಮುದ್ರಿಸಿರಿ, ಏಕೆಂದರೆ ಆ ಹಾಡು ಸರಿಯಾಗಿದೆಯೆಂದು ಹೇಳುವ ಅಧಿಕಾರ ಯಾವ ಯಂತ್ರಕ್ಕಿಂತಲೂ ಮೊದಲು ಅವರಿಗೆ ಸಲ್ಲತಕ್ಕದ್ದು.